ಒಂದು ಪಾಠ ದೊಡ್ಡವರಿಗೂ ಇರಲಿ

ಅಭ್ಯಾಸ ಬೋಧನೆಗೆಂದು ನಾವು ಬರೆಯುವ ಪಾಠ ಯೋಜನೆಗಳೆಲ್ಲ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಇರುತ್ತವೆ. ಅದು ಇರಬೇಕಾದದ್ದೇ. ಆದರೆ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದ ಯಾರನ್ನಾದರೂ ಕೇಳಿ ನೋಡಿ. ದಿನಕ್ಕೆ ಒಬ್ಬರೋ ಇಬ್ಬರೋ ಪೋಷಕರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾರೆ. ಕೈಯಲ್ಲಿ ಪಾಸ್‌ಬುಕ್ ಇರುತ್ತದೆ, ಇಲ್ಲವೇ ಮೊಬೈಲ್. "ಮಿಸ್, ಇದೊಂಚೂರು ನೋಡಿ" ಎನ್ನುತ್ತಾರೆ. ಮಗಳ ವಿದ್ಯಾರ್ಥಿವೇತನ ಬಂದಿಲ್ಲ, ಫೋನಿಗೆ ಏನೋ ಮೆಸೇಜ್ ಬಂದಿದೆ, ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ದುಡ್ಡು ಹೋಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಇವು ಅವರ ಪ್ರಶ್ನೆಗಳು. ಕೇಳಲು ಅವರಿಗೆ ಹತ್ತಿರವಿರುವ ಓದಿದವರು ಎಂದರೆ ಶಾಲೆಯ ಶಿಕ್ಷಕರೇ.

ಹೀಗೆ ತಾನಾಗಿ ಸೇರುವ ಈ ತರಗತಿಗೆ ನಮ್ಮ ತರಬೇತಿಯಲ್ಲಿ ಜಾಗವಿಲ್ಲ. ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಅಭ್ಯಾಸ ಬೋಧನೆಯ ಪಾಠಗಳಲ್ಲಿ ಒಂದಾದರೂ ದೊಡ್ಡವರಿಗಾಗಿ ಇರಲಿ. ಅದರ ವಿಷಯ ಅವರ ಬದುಕಿನೊಳಗೆ ಈಗಾಗಲೇ ಬಂದು ಕೂತಿರುವ ತಂತ್ರಜ್ಞಾನ ಇರಲಿ. ಮಕ್ಕಳ ಪಾಠಗಳಂತೆ ಅದನ್ನೂ ಮೇಲ್ವಿಚಾರಕರು ವೀಕ್ಷಿಸಿ ಅಂಕ ಕೊಡಲಿ. ಏಕೆ ಎಂಬುದನ್ನು ನಾನು ಇಂಟರ್ನ್‌ಶಿಪ್‌ನಲ್ಲಿ ಕಂಡದ್ದರ ಆಧಾರದ ಮೇಲೆಯೇ ಹೇಳುತ್ತೇನೆ.

ಮೂರು ಸಲ ಬ್ಯಾಂಕಿಗೆ

ನಾನಿದ್ದ ಶಾಲೆ ಒಂದು ಹೋಬಳಿ ಕೇಂದ್ರದಲ್ಲಿತ್ತು. ಅಲ್ಲಿ ಒಬ್ಬ ತಾಯಿ ಮಗಳ ವಿದ್ಯಾರ್ಥಿವೇತನದ ವಿಚಾರವಾಗಿ ಮೂರು ಸಲ ಬ್ಯಾಂಕಿಗೆ ಹೋಗಿ ಬಂದಿದ್ದರು. ಪ್ರತಿ ಸಲವೂ ಒಂದು ದಿನದ ಕೂಲಿ ಬಿಟ್ಟಿದ್ದರು. ಮೊದಲ ಸಲ ಬ್ಯಾಂಕಿನವರು, "ನಿಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ, ನಮ್ಮ ಕಡೆ ಏನೂ ತೊಂದರೆ ಇಲ್ಲ" ಎಂದರು. ಸೇವಾ ಕೇಂದ್ರದಲ್ಲಿ ಕೇಳಿದರೆ, "ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ, ಸೀಡಿಂಗ್ ಮಾಡಿಸಿ" ಎಂದರು. ಅದನ್ನು ಬಾಯಿಪಾಠ ಮಾಡಿಕೊಂಡು ಮತ್ತೆ ಬ್ಯಾಂಕಿಗೆ ಹೋದರು. ದಾರಿಯಲ್ಲಿ ಆ ಪದ ಮರೆತುಹೋಯಿತು. "ಅದೇನೋ ಮಾಡಿಸಬೇಕಂತೆ" ಎಂದರು. ಕೌಂಟರಿನವರು ಮತ್ತೆ ಅದೇ ಉತ್ತರ ಕೊಟ್ಟರು. ಮೂರನೇ ಸಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಅಂದು ಆ ಕೆಲಸ ನೋಡುವವರು ರಜೆಯಲ್ಲಿದ್ದರು.

ಈ ಕಥೆಯಲ್ಲಿ ಯಾರೂ ಸುಳ್ಳು ಹೇಳಿಲ್ಲ. ಬ್ಯಾಂಕಿನವರು ಹೇಳಿದ್ದೂ ನಿಜ, ಸೇವಾ ಕೇಂದ್ರದವರು ಹೇಳಿದ್ದೂ ನಿಜ. ಆದರೆ ಎರಡು ನಿಜಗಳು ಒಂದಕ್ಕೊಂದು ವಿರುದ್ಧವಾಗಿ ಕೇಳಿಸಿದಾಗ ಆ ತಾಯಿಯ ಕೈಯಲ್ಲಿ ಮುಂದಿನ ಪ್ರಶ್ನೆ ಇರಲಿಲ್ಲ. ಇಬ್ಬರ ಮುಂದೆಯೂ ಅವರು ತಲೆಯಾಡಿಸಿ ಬಂದಿದ್ದರು. ಇಬ್ಬರೂ ವಿಷಯ ತಿಳಿಸಿ ಆಯಿತು ಎಂದುಕೊಂಡಿದ್ದರು.

ತರಗತಿಯಲ್ಲಿ ನಮಗೂ ಇದು ಗೊತ್ತಿರುವ ಸಂಗತಿ. "ಅರ್ಥವಾಯಿತಾ?" ಎಂದರೆ ಐವತ್ತು ಮಕ್ಕಳೂ "ಆಯ್ತು ಮಿಸ್" ಎನ್ನುತ್ತಾರೆ. ಅದನ್ನು ಮೌಲ್ಯಮಾಪನ ಎಂದು ಯಾವ ಮೇಲ್ವಿಚಾರಕರೂ ಒಪ್ಪುವುದಿಲ್ಲ, ವೀಕ್ಷಣಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ದೊಡ್ಡವರ ವಿಷಯದಲ್ಲಿ ಮಾತ್ರ ತಲೆಯಾಡಿಸುವುದನ್ನೇ ಉತ್ತರವೆಂದು ಒಪ್ಪಿಕೊಳ್ಳುತ್ತೇವೆ. ದೊಡ್ಡವರು ತಲೆಯಾಡಿಸುವುದು ಹಲವು ಸಲ ಮರ್ಯಾದೆಗಾಗಿ. ಗೊತ್ತಾಗಲಿಲ್ಲ ಎಂದು ಚಿಕ್ಕ ವಯಸ್ಸಿನವರ ಮುಂದೆ ಹೇಳಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದ್ದರಿಂದ ವಿವರಣೆ ತಲುಪಿತು ಎನ್ನಲು ಒಂದೇ ಗುರುತು: ಕೇಳಿದವರು ತಾವಾಗಿ ಮುಂದಿನ ಪ್ರಶ್ನೆ ಕೇಳಬೇಕು.

ದಾರಿಯನ್ನು ತೋರಿಸುವುದು

ಹಾಗಾದರೆ ಮ್ಯಾಪಿಂಗ್ ಎಂಬುದನ್ನು ಹೇಗೆ ಹೇಳುವುದು? ಇಂಗ್ಲಿಷ್ ಪದದ ಜಾಗದಲ್ಲಿ ಒಂದು ಸಂಸ್ಕೃತ ಪದ ಕೂರಿಸಿದರೆ ಏನೂ ಆಗುವುದಿಲ್ಲ. ಒಂದು ಗೊತ್ತಿಲ್ಲದ ಪದ ಹೋಗಿ ಇನ್ನೊಂದು ಗೊತ್ತಿಲ್ಲದ ಪದ ಬರುತ್ತದೆ, ಅಷ್ಟೆ. ಹಣ ಎಲ್ಲಿಂದ ಹೊರಟು, ಯಾರ ಕೈ ದಾಟಿ, ಎಲ್ಲಿಗೆ ಬರುತ್ತದೆ ಎಂಬ ದಾರಿಯನ್ನು ಹೇಳಬೇಕು. ನಾನು ಆ ತಾಯಿಯ ಜೊತೆ ಕೂತು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು.

"ಅಮ್ಮ, ಸರ್ಕಾರದವರು ದುಡ್ಡು ಕಳಿಸುವಾಗ ನಿಮ್ಮ ಖಾತೆ ನಂಬರ್ ನೋಡಲ್ಲ. ಅರ್ಜಿಯಲ್ಲಿ ಕೊಟ್ಟಿರೋ ಹನ್ನೆರಡು ಅಂಕಿಯ ಆಧಾರ್ ನಂಬರ್ ಮಾತ್ರ ಕಳಿಸ್ತಾರೆ. ನಡುವೆ ಒಂದು ಕಚೇರಿ ಇದೆ. ಅಲ್ಲಿ ಒಂದು ದೊಡ್ಡ ಪುಸ್ತಕ ಇದೆ ಅಂದ್ಕೊಳ್ಳಿ. ಒಂದೊಂದು ಆಧಾರ್ ನಂಬರಿನ ಮುಂದೆ ಒಂದೇ ಒಂದು ಬ್ಯಾಂಕಿನ ಹೆಸರು ಬರೆದಿರುತ್ತೆ. ಆ ಬ್ಯಾಂಕಿಗೆ ದುಡ್ಡು ಹೋಗುತ್ತೆ. ಆ ಬ್ಯಾಂಕಿನವರು ನಿಮ್ಮ ಖಾತೆಗೆ ಹಾಕ್ತಾರೆ."

ಆ ನಡುವಿನ ಕಚೇರಿ ಎಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, 2008ರಲ್ಲಿ ಸ್ಥಾಪನೆಯಾದದ್ದು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎನ್‌ಪಿಸಿಐ. ಆ ಪುಸ್ತಕದಲ್ಲಿ ಹೆಸರು ಬರೆಸುವುದೇ ಸೀಡಿಂಗ್ ಅಥವಾ ಮ್ಯಾಪಿಂಗ್. ಬ್ಯಾಂಕಿಗೆ ಗುರುತಿನ ಚೀಟಿಯಾಗಿ ಆಧಾರ್ ಕೊಡುವುದು ಬೇರೆ, ಆ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಬರೆಸುವುದು ಬೇರೆ. ಮೂರು ಬ್ಯಾಂಕುಗಳಲ್ಲಿ ಖಾತೆ ಇದ್ದು ಮೂರಕ್ಕೂ ಆಧಾರ್ ಕೊಟ್ಟಿರಬಹುದು, ಆದರೆ ಪುಸ್ತಕದಲ್ಲಿ ಇರುವುದು ಒಂದೇ ಹೆಸರು. ಸರ್ಕಾರದ ನೇರ ಪಾವತಿ ಬೇಕೆಂದು ಒಪ್ಪಿಗೆ ಕೊಟ್ಟು ಹೊಸ ಬ್ಯಾಂಕಿನ ಹೆಸರು ಬರೆಸಿದರೆ ಹಳೆಯದು ಹೋಗಿ ಹೊಸದು ಬರುತ್ತದೆ. ಆಮೇಲಿನ ಹಣವೆಲ್ಲ ಹೊಸ ಖಾತೆಗೇ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಆಗಲಿ, ಮಕ್ಕಳ ವಿದ್ಯಾರ್ಥಿವೇತನವಾಗಲಿ, ಆಧಾರ್ ಮೂಲಕ ಬರುವ ಹಣಕ್ಕೆಲ್ಲ ಇದೇ ದಾರಿ.

ಇಷ್ಟು ಹೇಳಿದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರೆ ಮಿಸ್, ನಾನು ಹೋದ ವರ್ಷ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಲ್ಲಿ ಖಾತೆ ಮಾಡ್ಸಿದ್ನಲ್ಲ, ಪುಸ್ತಕದಲ್ಲಿ ಅದರ ಹೆಸರು ಕೂತೈತಾ?"

ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಆ ಎರಡನೇ ಖಾತೆಯ ವಿಚಾರ ನನಗೆ ಗೊತ್ತಿರಲಿಲ್ಲ, ಬ್ಯಾಂಕಿನವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರೊಬ್ಬರಿಗೇ. ದಾರಿ ಕಣ್ಣಿಗೆ ಕಟ್ಟಿದ ಕೂಡಲೇ ತಮ್ಮ ಬಳಿ ಇದ್ದ ಮಾಹಿತಿಯನ್ನು ಅವರೇ ತಂದು ಸರಿಯಾದ ಜಾಗದಲ್ಲಿ ಇಟ್ಟರು. ಆಧಾರ್‌ನ ಅಧಿಕೃತ ಜಾಲತಾಣದಲ್ಲಿ, ಆಧಾರ್‌ಗೆ ಕೊಟ್ಟಿರುವ ಮೊಬೈಲಿಗೆ ಬರುವ ಓಟಿಪಿ ಹಾಕಿದರೆ, ಯಾವ ಬ್ಯಾಂಕಿನ ಹೆಸರು ಬರೆದಿದೆ ಎಂದು ನೋಡಬಹುದು. ನೋಡಿದೆವು. ಸಂಘದ ಸಾಲಕ್ಕೆಂದು ತೆರೆದ ಖಾತೆಯ ಬ್ಯಾಂಕೇ ಅಲ್ಲಿತ್ತು. ಹಣ ಎಲ್ಲೂ ಕಳೆದುಹೋಗಿರಲಿಲ್ಲ. ಅವರು ಒಂದು ಸಲವೂ ಬರೆಸಿ ನೋಡದ ಆ ಪಾಸ್‌ಬುಕ್ಕಿನ ಖಾತೆಗೆ ಬಂದು ಬಿದ್ದಿತ್ತು.

ಬೋಧನಾ ಸೂತ್ರಗಳಲ್ಲಿ ನಾವು ಮೊದಲ ಸೆಮಿಸ್ಟರಿನಲ್ಲೇ ಓದುವ "ತಿಳಿದುದರಿಂದ ತಿಳಿಯದುದರ ಕಡೆಗೆ" ಎಂಬುದು ಇಲ್ಲಿ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಕಲಿಯುವವರಿಗೆ ತಿಳಿದಿರುವುದು ನಮಗೆ ತಿಳಿದಿರುವುದಿಲ್ಲ. ಮಕ್ಕಳ ಪಾಠದಲ್ಲಿ ಪೂರ್ವಜ್ಞಾನ ಎಂಬ ಅಂಕಣದಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ದೊಡ್ಡವರ ಪಾಠದಲ್ಲಿ ಆ ಅಂಕಣವೇ ಅರ್ಧ ಪಾಠ.

ಹೋಲಿಕೆ ಎಲ್ಲಿ ನಿಲ್ಲುತ್ತದೆ

ಸೂಕ್ಷ್ಮ ಬೋಧನೆಯಲ್ಲಿ ಉದಾಹರಣೆ ಸಹಿತ ವಿವರಿಸುವ ಕೌಶಲವನ್ನು ನಾವೆಲ್ಲ ಅಭ್ಯಾಸ ಮಾಡುತ್ತೇವೆ. ಉದಾಹರಣೆ ಸರಳವಾಗಿರಬೇಕು, ಸಂಬಂಧಿತವಾಗಿರಬೇಕು, ಆಸಕ್ತಿದಾಯಕವಾಗಿರಬೇಕು ಎಂದು ವೀಕ್ಷಣಾ ಪಟ್ಟಿಯಲ್ಲಿ ಗುರುತು ಹಾಕುತ್ತೇವೆ. ತಂತ್ರಜ್ಞಾನ ಹೇಳುವಾಗ ಇನ್ನೊಂದು ಅಂಶ ಸೇರಬೇಕು: ಹೋಲಿಕೆ ಎಲ್ಲಿಯವರೆಗೆ ಸರಿ ಎಂಬುದನ್ನೂ ಹೇಳಿದ್ದಾರೆಯೇ?

ಯುಪಿಐ ಪಿನ್ ಅನ್ನೇ ತೆಗೆದುಕೊಳ್ಳೋಣ. ಮೊಬೈಲಿನಲ್ಲಿ ಹಣ ಕಳಿಸುವ ಈ ವ್ಯವಸ್ಥೆ 2016ರಲ್ಲಿ ಬಂತು. ಈಗ ಸಂತೆಯಲ್ಲಿ ಸೊಪ್ಪು ಮಾರುವವರ ಬುಟ್ಟಿಯ ಮೇಲೂ ಆ ಚೌಕದ ಚಿತ್ರ ಇದೆ. ಇದರ ಸುತ್ತ ನಡೆಯುವ ಮೋಸಗಳಲ್ಲಿ ಬಹಳ ಸಾಮಾನ್ಯವಾದದ್ದು ಒಂದು. ಯಾರೋ ಫೋನ್ ಮಾಡಿ, "ನಿಮಗೆ ದುಡ್ಡು ಬರಬೇಕಿದೆ, ಈಗ ಕಳಿಸ್ತೀನಿ, ಪಿನ್ ಒತ್ತಿ ತಗೊಳ್ಳಿ" ಎನ್ನುತ್ತಾರೆ. ಒತ್ತಿದರೆ ಇದ್ದ ಹಣ ಹೋಗುತ್ತದೆ.

"ಪಿನ್ ಎಂದರೆ ಬೀಗದ ಕೈ ಇದ್ದಹಾಗೆ, ಯಾರಿಗೂ ಕೊಡಬೇಡಿ" ಎಂಬ ಹೋಲಿಕೆ ಎಲ್ಲರ ಬಾಯಲ್ಲೂ ಇದೆ. ಈ ಮೋಸದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಏಕೆಂದರೆ ಫೋನ್ ಮಾಡಿದವರು ಪಿನ್ ಕೇಳುವುದೇ ಇಲ್ಲ, ನೀವೇ ಒತ್ತಿ ಎನ್ನುತ್ತಾರೆ. ಕೀಲಿಯನ್ನು ನಾನು ಯಾರಿಗೂ ಕೊಟ್ಟಿಲ್ಲವಲ್ಲ ಎಂದು ಒತ್ತಿದವರು ಅಂದುಕೊಳ್ಳುತ್ತಾರೆ. ಅದು ನ್ಯಾಯವೇ, ಹೋಲಿಕೆ ಹೇಳಿಕೊಟ್ಟದ್ದು ಅಷ್ಟನ್ನೇ.

ಇದಕ್ಕಿಂತ ಬ್ಯಾಂಕಿನ ಚೀಟಿ ಒಳ್ಳೆಯ ಹೋಲಿಕೆ. ಪೋಷಕರ ಸಭೆಯೊಂದರಲ್ಲಿ ನಾನು ಕೇಳಿದ್ದು ಇಷ್ಟೇ: "ಬ್ಯಾಂಕಿನಲ್ಲಿ ದುಡ್ಡು ತೆಗೆಯುವ ಚೀಟಿಗೆ ಏನು ಹಾಕ್ತೀರಿ?" "ಸಹಿ" ಎಂದರು, ಕೆಲವರು "ಹೆಬ್ಬೆಟ್ಟು" ಎಂದರು. "ನಿಮ್ಮ ಖಾತೆಗೆ ನಿಮ್ಮ ಅಣ್ಣ ದುಡ್ಡು ಕಟ್ಟಬೇಕಾದರೆ ನಿಮ್ಮ ಸಹಿ ಬೇಕಾ?" "ಬೇಡ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. "ಪಿನ್ ನಿಮ್ಮ ಸಹಿ. ಇನ್ನು ದುಡ್ಡು ಬರುತ್ತೆ ಅಂತ ಪಿನ್ ಕೇಳಿದರೆ?" ಹಿಂದೆ ಕೂತಿದ್ದ ಅಜ್ಜಿಯೊಬ್ಬರು, "ನನ್ನ ಕೈಲಿ ತೆಗೆಯೋ ಚೀಟಿಗೆ ಹೆಬ್ಬೆಟ್ಟು ಒತ್ತಿಸ್ಕೊತಾವ್ನೆ ಅಂತ" ಎಂದು ಪಾಠ ಮುಗಿಸಿಬಿಟ್ಟರು. ಆ ತೀರ್ಮಾನಕ್ಕೆ ಅವರೇ ಬಂದರು. ನಾನು ಹೇಳಿಕೊಟ್ಟ ವಾಕ್ಯವಾಗಿದ್ದರೆ ಮನೆ ಸೇರುವಷ್ಟರಲ್ಲಿ ಮರೆಯುತ್ತಿತ್ತು.

ಇಲ್ಲಿಯೂ ಹೋಲಿಕೆಯ ಅಂಚನ್ನು ಹೇಳಬೇಕು. ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಲೂ ಮೊಬೈಲ್ ಪಿನ್ ಕೇಳುತ್ತದೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ಬರೆಸಲು ಸಹಿ ಬೇಡ. ಇದನ್ನು ಹೇಳದಿದ್ದರೆ, ಉಳಿಕೆ ನೋಡಲು ಹೋದಾಗ ಪಿನ್ ಕೇಳಿದ ಕೂಡಲೇ ಗಾಬರಿಯಾಗುತ್ತಾರೆ, ಇಲ್ಲವೇ ನಾವು ಹೇಳಿದ್ದೆಲ್ಲ ಸುಳ್ಳು ಎಂದುಕೊಳ್ಳುತ್ತಾರೆ. ಸರಳಗೊಳಿಸುವಾಗ ಕೆಲವು ಸಂಗತಿಗಳನ್ನು ಬಿಡಬಹುದು. ನಾಳೆ ಅವರ ಕೈಯಲ್ಲೇ ಸುಳ್ಳಾಗುವ ಮಾತನ್ನು ಮಾತ್ರ ಹೇಳಬಾರದು.

ನಿಯಮಕ್ಕೆ ಕಾರಣ ಬೇಕು

"ಓಟಿಪಿ ಯಾರಿಗೂ ಹೇಳಬೇಡಿ" ಎಂಬ ಫಲಕವನ್ನು ನಾವೆಲ್ಲ ನೋಡಿದ್ದೇವೆ. ಒಳ್ಳೆಯ ನಿಯಮ. ಆದರೆ ಗ್ಯಾಸ್ ಸಿಲಿಂಡರ್ ತರುವವರು ಬಾಗಿಲಲ್ಲಿ ನಿಂತು ಫೋನಿಗೆ ಬಂದ ಅಂಕಿ ಕೇಳುತ್ತಾರೆ, ಹೇಳಿದರೆ ಮಾತ್ರ ಸಿಲಿಂಡರ್. ಪಾರ್ಸೆಲ್ ತರುವವರೂ ಕೇಳುತ್ತಾರೆ. ಅರ್ಜಿ ಹಾಕುವಾಗ ಸೇವಾ ಕೇಂದ್ರದವರೂ "ಓಟಿಪಿ ಬಂತಾ, ಹೇಳಿ" ಎನ್ನುತ್ತಾರೆ. ವಾರಕ್ಕೆ ಒಂದೆರಡು ಸಲ ನಿಯಮ ಮುರಿದರೇ ಬದುಕು ನಡೆಯುವುದು ಎಂದಾದಾಗ ಆ ನಿಯಮಕ್ಕೆ ಬೆಲೆ ಉಳಿಯುವುದಿಲ್ಲ. ಮೋಸಗಾರರು ಕೇಳಿದ ದಿನವೂ ಅದೇ ಅಭ್ಯಾಸದಲ್ಲಿ ಹೇಳಿಬಿಡುತ್ತಾರೆ.

ಓಟಿಪಿ ಮಾಡುವ ಕೆಲಸ ಏನೆಂದು ಹೇಳಿದರೆ ಈ ತೊಡಕು ಬಿಡಿಸಬಹುದು. ಯಾವುದೋ ಒಂದು ಕೆಲಸಕ್ಕೆ ಈ ಫೋನಿನವರು ಒಪ್ಪಿದ್ದಾರೆಯೇ ಎಂದು ಕೇಳುವ ಚೀಟಿ ಅದು. ಅಂಕಿ ಹೇಳಿದರೆ "ಒಪ್ಪಿದ್ದೇನೆ" ಎಂದ ಹಾಗೆ. ಯಾವ ಕೆಲಸಕ್ಕೆ ಎಂಬುದು ಆ ಮೆಸೇಜಿನಲ್ಲೇ ಬರೆದಿರುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಈ ಕೆಲಸವನ್ನು ಶುರು ಮಾಡಿದ್ದು ನಾನೇ ತಾನೇ? ಮೆಸೇಜಿನಲ್ಲಿ ಬರೆದಿರುವ ಕೆಲಸವೂ ಎದುರಿಗೆ ನಡೆಯುತ್ತಿರುವ ಕೆಲಸವೂ ಒಂದೇನಾ? ಸಿಲಿಂಡರ್ ನಾನು ಬುಕ್ ಮಾಡಿದ್ದೆ, ಅದು ಬಾಗಿಲಲ್ಲಿದೆ, ಮೆಸೇಜು ಗ್ಯಾಸ್ ಕಂಪನಿಯದು. ಹೇಳಬಹುದು. ಫೋನಿನಲ್ಲಿ ಯಾರೋ ಕಾರ್ಡ್ ಬಂದ್ ಆಗುತ್ತದೆ ಎನ್ನುತ್ತಿದ್ದಾರೆ, ಮೆಸೇಜು ಬ್ಯಾಂಕಿನದು, ನಾನು ಏನೂ ಶುರು ಮಾಡಿಲ್ಲ. ಫೋನ್ ಇಡಬೇಕು. ಬ್ಯಾಂಕಿನ ಓಟಿಪಿಯನ್ನು ಫೋನಿನಲ್ಲಿ ಕೇಳುವವರಿಗೆ ಎಂದೂ ಹೇಳುವಂತಿಲ್ಲ ಎಂಬ ನಿಯಮಕ್ಕೆ ಈಗ ಕಾರಣ ಸಿಕ್ಕಿತು.

ಇಲ್ಲಿ ಒಂದು ನಿಜವಾದ ಅಡ್ಡಿ ಇದೆ. ಆ ಮೆಸೇಜುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಮನೆಯಲ್ಲಿ ಅದನ್ನು ಓದಬಲ್ಲವರು ನಮ್ಮ ಎಂಟನೇ ತರಗತಿಯ ಮಕ್ಕಳು. ಆದ್ದರಿಂದ ಇಂಗ್ಲಿಷ್ ವಿಷಯದ ಪ್ರಶಿಕ್ಷಣಾರ್ಥಿಗಳು ಇಂಥ ನಾಲ್ಕು ಮೆಸೇಜುಗಳನ್ನೇ ಓದುವ ಪಾಠವಾಗಿ ತೆಗೆದುಕೊಂಡರೆ ಪಠ್ಯಕ್ಕೂ ನಷ್ಟವಿಲ್ಲ, ಮನೆಗೂ ಲಾಭ. ಓದಿ ಹೇಳುವುದು ಮಗುವಿನ ಕೆಲಸ, ಒಪ್ಪುವುದು ಬಿಡುವುದು ತಾಯಿಯ ಕೆಲಸ ಎಂಬುದನ್ನು ಮಾತ್ರ ಎರಡೂ ಕಡೆ ಹೇಳಬೇಕು. ಅಕಸ್ಮಾತ್ ಹಣ ಹೋದರೆ 1930ಕ್ಕೆ ತಡಮಾಡದೆ ಫೋನ್ ಮಾಡಬೇಕು ಎಂಬುದನ್ನೂ ಕಾರಣ ಸಹಿತ ಹೇಳಬೇಕು: ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ, ಬೇಗ ಹೇಳಿದರೆ ನಡುವೆ ಎಲ್ಲಾದರೂ ತಡೆಯಲು ಸಾಧ್ಯ.

ಜನರ ಬಾಯಲ್ಲಿರುವ ಪದ

ಕನ್ನಡದಲ್ಲಿ ಹೇಳುವುದು ಎಂದರೆ ಎಲ್ಲ ಪದಗಳನ್ನೂ ಹೊಸದಾಗಿ ಟಂಕಿಸುವುದು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ನಾನಿದ್ದ ಊರಿನಲ್ಲಿ ಜನ ಮೊಬೈಲ್, ಚಾರ್ಜ್, ರೀಚಾರ್ಜ್, ಸ್ಕ್ಯಾನ್, ನೆಟ್‌ವರ್ಕ್ ಎಂದೇ ಮಾತಾಡುತ್ತಾರೆ. "ಫೋನ್‌ಪೇ ಮಾಡ್ತೀನಿ" ಎಂಬುದು ಅಲ್ಲಿ ಕ್ರಿಯಾಪದವೇ ಆಗಿದೆ, ಬಳಸುವ ಆ್ಯಪ್ ಯಾವುದಾದರೂ ಸರಿ. ಈ ಪದಗಳನ್ನು ಹಾಗೇ ಇಟ್ಟುಕೊಳ್ಳುವುದು ಮೇಲು. ವಿವರಿಸಬೇಕಾದದ್ದು, ಪದ ಗೊತ್ತಿದ್ದೂ ಅದರ ಹಿಂದಿನ ಸಂಗತಿ ಗೊತ್ತಿಲ್ಲದ ಕಡೆ.

"ಸರ್ವರ್ ಇಲ್ಲ" ಎಂಬ ಮಾತನ್ನು ನೋಡಿ. ಪಡಿತರ ಅಂಗಡಿಯಿಂದ ನಾಡ ಕಚೇರಿಯವರೆಗೆ ಎಲ್ಲ ಕಡೆ ಕೇಳುತ್ತೇವೆ. ಆ ಮಾತು ಬಂದ ಮೇಲೆ ಮಾತುಕತೆ ಮುಗಿಯಿತು, ಜನ ಚೀಲ ಮಡಿಸಿಕೊಂಡು ಎದ್ದು ಹೋಗುತ್ತಾರೆ. ಸರ್ವರ್ ಎಂದರೆ ಏನು ಎಂದು ಒಬ್ಬರನ್ನು ಕೇಳಿದೆ. "ಕರೆಂಟ್ ಥರ ಏನೋ, ಬರುತ್ತೆ ಹೋಗುತ್ತೆ" ಎಂದರು. ನಿಮ್ಮ ಕಾರ್ಡಿನ ಲೆಕ್ಕದ ಪುಸ್ತಕ ಈ ಅಂಗಡಿಯಲ್ಲಿ ಇಲ್ಲ, ಬೇರೆ ಊರಿನ ಒಂದು ಕಂಪ್ಯೂಟರಿನಲ್ಲಿದೆ, ಬೆರಳು ಇಟ್ಟಾಗ ಈ ಯಂತ್ರ ಆ ಕಂಪ್ಯೂಟರನ್ನು ಕೇಳುತ್ತದೆ, ಈಗ ಅದು ಉತ್ತರ ಕೊಡುತ್ತಿಲ್ಲ ಎಂದು ಹೇಳಿದೆ. ಕೂಡಲೇ ಅವರು, "ಹಂಗಾದ್ರೆ ಪಕ್ಕದೂರ ಅಂಗಡೀಲೂ ಇಲ್ವಾ, ಇಲ್ಲಿ ಮಾತ್ರ ಇಲ್ವಾ?" ಎಂದು ಕೇಳಿದರು. ಅದು ಒಬ್ಬ ತಂತ್ರಜ್ಞ ಮೊದಲು ಕೇಳುವ ಪ್ರಶ್ನೆ. ತೊಂದರೆ ಆ ಕಡೆಯ ಕಂಪ್ಯೂಟರಿನದೋ ಈ ಕಡೆಯ ನೆಟ್‌ವರ್ಕಿನದೋ ಎಂದು ತಿಳಿಯುವುದು ಹಾಗೆಯೇ.

ಹೀಗೆ ಜನರಿಗೆ ಅವರ ಭಾಷೆಯಲ್ಲಿ ಹೇಳುವ ಕೆಲಸ ಕನ್ನಡದ ಶಿಕ್ಷಕರಿಗೆ ಹೊಸದಲ್ಲ. 1918ರಲ್ಲಿ ಬೆಂಗಳೂರಿನಿಂದ "ವಿಜ್ಞಾನ" ಎಂಬ ಮಾಸಪತ್ರಿಕೆ ಹೊರಟಾಗ ಅದರ ಹಿಂದೆ ಇದ್ದ ಬೆಳ್ಳಾವೆ ವೆಂಕಟನಾರಣಪ್ಪ ಭೌತವಿಜ್ಞಾನದ ಅಧ್ಯಾಪಕರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲವಿಜ್ಞಾನ"ಕ್ಕೆ ಬರೆದವರಲ್ಲಿಯೂ ಅಧ್ಯಾಪಕರಿದ್ದಾರೆ. ಅವರು ಓದಬಲ್ಲವರಿಗೆ ಬರೆದರು. ನಮ್ಮ ಮುಂದೆ ಈಗ ನಿಂತಿರುವವರು ಓದಲು ಸಮಯವಿಲ್ಲದವರು, ಕೆಲವರು ಓದು ಬಾರದವರು. ಅವರಿಗೆ ಬಾಯಿಮಾತಿನಲ್ಲಿ ಹೇಳಬೇಕು.

ಇದು ನಮ್ಮ ಕೆಲಸವೇ?

ಈ ಸಲಹೆಯನ್ನು ಸಹಪಾಠಿಗಳ ಮುಂದೆ ಇಟ್ಟಾಗ ಎರಡು ಆಕ್ಷೇಪಣೆಗಳು ಬಂದವು. ಎರಡರಲ್ಲೂ ಹುರುಳಿದೆ.

ಮೊದಲನೆಯದು, ಶಿಕ್ಷಕರಿಗೆ ಈಗಾಗಲೇ ಬೋಧನೆಯ ಹೊರಗಿನ ಕೆಲಸ ಬಹಳ. ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ನಮೂದು. ಇದನ್ನೂ ಹೊರಿಸಬೇಕೇ? ನನ್ನ ಉತ್ತರ, ಈ ಹೊರೆ ಈಗಲೂ ಇದೆ. ಪೋಷಕರು ಬರುತ್ತಲೇ ಇದ್ದಾರೆ. ಅವರ ಫೋನ್ ತೆಗೆದುಕೊಂಡು ನಾವೇ ಮಾಡಿಕೊಟ್ಟರೆ ಮುಂದಿನ ತಿಂಗಳು ಅವರೇ ಮತ್ತೆ ಬರುತ್ತಾರೆ. ಹತ್ತು ಜನರನ್ನು ಕೂರಿಸಿ ಒಮ್ಮೆ ದಾರಿ ಹೇಳಿದರೆ ಬರುವವರ ಸಂಖ್ಯೆ ಕಡಿಮೆಯಾಗುತ್ತದೆ, ಬಂದವರೂ ಸರಿಯಾದ ಪ್ರಶ್ನೆ ಹಿಡಿದು ಬರುತ್ತಾರೆ.

ಎರಡನೆಯದು, ದೊಡ್ಡವರಿಗೆ ವಿವರಣೆ ಬೇಕಿಲ್ಲ, ಕೆಲಸ ಆದರೆ ಸಾಕು. "ನೀವೇ ಮಾಡ್ಕೊಡಿ ಮಿಸ್" ಎಂದು ಅವರೇ ಹೇಳುತ್ತಾರಲ್ಲ? ಹೇಳುತ್ತಾರೆ, ನಿಜ. ಕೂಲಿ ಬಿಟ್ಟು ಬಂದವರಿಗೆ ಪಾಠ ಕೇಳು ಎನ್ನುವುದು ಸರಿಯಲ್ಲ. ತುರ್ತಿದ್ದರೆ ಮಾಡಿಕೊಡಬೇಕು, ಮಾಡುತ್ತಲೇ ಏನು ಮಾಡುತ್ತಿದ್ದೇವೆ ಎಂದು ಹೇಳುತ್ತಾ ಹೋಗಬೇಕು. ಆದರೆ ಯಾವಾಗಲೂ ಮಾಡಿಸಿಕೊಳ್ಳುವ ಸ್ಥಿತಿಯಲ್ಲಿ ಒಂದು ಅಪಾಯವಿದೆ. ನಂಬಿಕೆಯಿಂದ ಪಿನ್ ಸಮೇತ ಫೋನ್ ಕೊಡುವವರು ಇಂದು ನಮಗೆ ಕೊಡುತ್ತಾರೆ, ನಾಳೆ ಇನ್ನೊಬ್ಬರಿಗೆ ಕೊಡುತ್ತಾರೆ. ಪಿನ್ ಒತ್ತಬೇಕಾದಾಗ ಫೋನನ್ನು ಅವರ ಕೈಗೆ ಕೊಟ್ಟು ನಾವು ಬೇರೆ ಕಡೆ ಮುಖ ತಿರುಗಿಸಿದರೆ, ಯಾವ ಉಪದೇಶವೂ ಹೇಳದ ಒಂದು ಪಾಠ ಅದರಲ್ಲಿರುತ್ತದೆ.

ಪಾಠ ಹೇಗಿರಬಹುದು

2014ರ ಎನ್‌ಸಿಟಿಇ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ್ದಾಗಿದೆ, ಇಂಟರ್ನ್‌ಶಿಪ್ ದೀರ್ಘವಾಗಿದೆ. ಅಷ್ಟು ವಾರಗಳಲ್ಲಿ ಇಂಥ ಒಂದು ಪಾಠಕ್ಕೆ ಅವಕಾಶ ಮಾಡುವುದು ಕಷ್ಟವಲ್ಲ. ಎಸ್‌ಡಿಎಂಸಿ ಸಭೆ, ಪೋಷಕರ ಸಭೆ, ಊರಿನ ಸ್ತ್ರೀಶಕ್ತಿ ಸಂಘದ ವಾರದ ಸಭೆ, ಯಾವುದಾದರೂ ಆಗುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಅದಕ್ಕೆ ಮೊದಲು ಕಾಲೇಜಿನಲ್ಲಿಯೇ ಐದಾರು ನಿಮಿಷದ ಸೂಕ್ಷ್ಮ ಪಾಠವಾಗಿ ಅಭ್ಯಾಸ ಮಾಡಬಹುದು. ಆಗ ವಿದ್ಯಾರ್ಥಿಗಳ ಪಾತ್ರದಲ್ಲಿ ಸಹಪಾಠಿಗಳನ್ನು ಕೂರಿಸದೆ, ಕಾಲೇಜಿನ ಕಚೇರಿ ಸಹಾಯಕರನ್ನೋ ಕ್ಯಾಂಟೀನಿನವರನ್ನೋ ಬಿಡುವಿದ್ದಾಗ ಕರೆದು ಕೂರಿಸಿದರೆ ನಿಜವಾದ ಪರೀಕ್ಷೆಯಾಗುತ್ತದೆ.

ಪಾಠ ಯೋಜನೆಯಲ್ಲಿ ನಾನು ಬದಲಾಯಿಸಬಯಸುವುದು ಇಷ್ಟು. ಒಂದು ಪಾಠಕ್ಕೆ ಒಂದೇ ಸಂಗತಿ ಇರಲಿ: ಸೀಡಿಂಗ್ ಎಂದರೆ ಸೀಡಿಂಗ್ ಮಾತ್ರ, ಅದರ ಜೊತೆಗೆ ಯುಪಿಐ ಬೇಡ. ಬೋಧನೋಪಕರಣವಾಗಿ ಚಾರ್ಟ್ ಬೇಡ, ಅವರ ಕೈಯಲ್ಲೇ ಇರುವ ಪಾಸ್‌ಬುಕ್, ಅವರದೇ ಫೋನು ಸಾಕು. ಪಾಠ ಮಾಡುವವರು ನಿಲ್ಲದೆ ಅವರ ಜೊತೆ ಕೂರಲಿ. ಓದಲು ಬಾರದವರನ್ನು ಹಲಗೆಯ ಹತ್ತಿರ ಕರೆಯುವುದು, ಹೆಸರು ಹಿಡಿದು ಪ್ರಶ್ನೆ ಕೇಳುವುದು ಬೇಡ. ಅವರನ್ನು ಅಮ್ಮ, ಅಕ್ಕ, ಅಣ್ಣ ಎಂದು ಊರಿನಲ್ಲಿ ಕರೆಯುವ ಹಾಗೆಯೇ ಕರೆಯಲಿ. "ಅರ್ಥವಾಯಿತಾ" ಎಂಬ ಪ್ರಶ್ನೆಗೆ ಬದಲು, "ಇದನ್ನು ಮನೇಲಿ ನಿಮ್ಮ ಯಜಮಾನರಿಗೆ ಹೇಗೆ ಹೇಳ್ತೀರಿ?" ಎಂದು ಕೇಳಲಿ. ಕೊನೆಗೆ ಪಾಠದಲ್ಲಿ ಬರದ ಒಂದು ಹೊಸ ಸಂದರ್ಭ ಕೊಡಲಿ: "ನಾಳೆ ಇನ್ನೊಂದು ಬ್ಯಾಂಕಿನವರು ಊರಿಗೆ ಬಂದು ಹೊಸ ಖಾತೆ ಮಾಡಿಕೊಡ್ತೀವಿ ಅಂದರೆ ಏನು ಕೇಳ್ತೀರಿ?" ಉತ್ತರ ಬಂದರೆ ಪಾಠ ತಲುಪಿದೆ.

ವೀಕ್ಷಣೆಗೆ ಬರುವ ಉಪನ್ಯಾಸಕರು ನೋಡಬೇಕಾದದ್ದೂ ಬೇರೆಯಾಗುತ್ತದೆ. ಪ್ರಶಿಕ್ಷಣಾರ್ಥಿ ಎಷ್ಟು ಪ್ರಶ್ನೆ ಕೇಳಿದರು ಎಂದು ಎಣಿಸುವುದಕ್ಕಿಂತ, ಕೂತವರಿಂದ ತಾವಾಗಿ ಎಷ್ಟು ಪ್ರಶ್ನೆ ಬಂದವು ಎಂದು ಎಣಿಸಲಿ. ಹೋಲಿಕೆಯ ಅಂಚನ್ನು ಹೇಳಿದರೇ, ನಿಯಮದ ಜೊತೆ ಕಾರಣ ಕೊಟ್ಟರೇ, ಫೋನ್ ಯಾರ ಕೈಯಲ್ಲಿತ್ತು ಎಂಬುದನ್ನು ಬರೆಯಲಿ.

ಇದರಿಂದ ಪೋಷಕರಿಗೆ ಮಾತ್ರ ಲಾಭ ಎಂದು ನಾನು ಹೇಳುವುದಿಲ್ಲ. ದೊಡ್ಡವರಿಗೆ ಪಾಠ ಮಾಡುವಾಗ ಗದರಿಸಿ ಸುಮ್ಮನಿರಿಸುವ ಅಧಿಕಾರ ನಮಗಿರುವುದಿಲ್ಲ, ಪರೀಕ್ಷೆಗೆ ಬರುತ್ತದೆ ಎಂದು ಹೆದರಿಸಲೂ ಆಗುವುದಿಲ್ಲ. ಉಳಿಯುವುದು ವಿವರಣೆಯೊಂದೇ. ಅದು ಸಾಲದಿದ್ದರೆ ಅವರು ಎದ್ದು ಹೋಗುತ್ತಾರೆ. ಅಲ್ಲಿ ನಿಂತ ವಿವರಣೆ ಒಂಬತ್ತನೇ ತರಗತಿಯಲ್ಲೂ ನಿಲ್ಲುತ್ತದೆ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಅಭ್ಯಾಸ ಬೋಧನಾ ವಿಭಾಗದವರು ಈ ಒಂದು ಪಾಠಕ್ಕೆ ವೇಳಾಪಟ್ಟಿಯಲ್ಲಿ ಜಾಗ ಮಾಡಲಿ ಎಂದು ಕೋರುತ್ತೇನೆ. ಮೊದಲ ಪಾಠ ಯೋಜನೆ ಬರೆದುಕೊಡಲು ನಾನು ಸಿದ್ಧ. ಅದನ್ನು ತಿದ್ದಲು ಪೋಷಕರಲ್ಲಿ ಒಬ್ಬರನ್ನೂ ಕರೆಯೋಣ.